ಬುಸ್ಸಿ, ಮಾರ್ಕಿ ದ

18ನೆಯ ಶತಮಾನದಲ್ಲಿ ದಖ್ಖನಿನ ರಾಜಕೀಯವನ್ನು ಏಳೆಂಟು ವರ್ಷ ಹಿಡಿತದಲ್ಲಿಟ್ಟುಕೊಂಡಿದ್ದ ಫ್ರೆಂಚ್ ಸೇನಾನಿ. ಪೂರ್ಣ ಹೆಸರು ಷಾರ್ಲ್ ಜೋಸೆಫ್ ಪಾತಿಸಿಯೆ. ಫ್ರಾನ್ಸಿನ ಸ್ವಾಸೋಂ ಬಳಿಯ ಕುಲೀನ ಮನೆತನದವನು. ಪುದುಚೇರಿಯ ಗವರ್ನರ್ ಡೂಪ್ಲೆಯ ನೆಚ್ಚಿನ ದಳಪತಿಯಾಗಿ 1750ರಲ್ಲಿ ಸೆಂಜಿ ಕೋಟೆಯನ್ನು ಗೆದ್ದು ಹೆಸರಾದ.

ನಿಜಾಮನ ಆಸ್ಥಾನದಲ್ಲಿ: 1751ರಲ್ಲಿ ನಿಜಾಮ ಮುಜಫರ್ ಜಂಗ್ ಕೊಲೆಯಾದಾಗ ಸಲಾಬತ್ ಜಂಗನನ್ನು ಪಟ್ಟಕ್ಕೆ ತಂದವನು ಈತನೇ. ಕಲಬುರಗಿ ಸೀಮೆಯನ್ನೂ ಒಳಗೊಂಡಿದ್ದ ನಿಜಾಮರ ರಾಜ್ಯಕ್ಕೆ ಈತನ ತೋಪುಗಳೂ ಕವಾಯತು ಕಲಿತ ಸಿಪಾಯಿಗಳೂ ಆಸರೆಯಾದವು. ದಂಡಿನ ಸಂಬಳಕ್ಕಾಗಿ 1753ರಲ್ಲಿ ಪೂರ್ವ ಕರಾವಳಿಯ ಉತ್ತರ ಸರ್ಕಾರುಗಳ ಕಂದಾಯವನ್ನು ಬರೆಸಿಕೊಂಡ.

ಕನ್ನಡ ನಾಡಿನಲ್ಲಿ: 1755ರಲ್ಲಿ ಸಲಾಬತ್ ಜಂಗನೊಡನೆ ಪೊಗದಿ ವಸೂಲಿಗೆ ಶ್ರೀರಂಗಪಟ್ಟಣಕ್ಕೆ ನುಗ್ಗಿದ. ಆಗ ಮೈಸೂರಿನ ಮುಖ್ಯ ಸೈನ್ಯ ಸರ್ವಾಧಿಕಾರಿ ಕರಾಚೂರಿ ನಂಜರಾಜನ ಜೊತೆ ತಿರುಚಿರಾಪಳ್ಳಿಯ ಕಡೆ ಇತ್ತು. ಅಲ್ಲಿ ಮೈಸೂರಿನವರು ಫ್ರೆಂಚರ ಮಿತ್ರರೇ ಆಗಿದ್ದರು. ರಾಜಧಾನಿಯಲ್ಲಿದ್ದ ದಳವಾಯಿ ದೇವರಾಜ 56 ಲಕ್ಷ ರೂಪಾಯಿಗೆ ಒಪ್ಪಿಕೊಳ್ಳಬೇಕಾಯಿತು. ಬೊಕ್ಕಸದಲ್ಲಿ ಅಷ್ಟು ಹಣವಿರಲಿಲ್ಲ. ಅರಮನೆಯ ಒಡವೆಗಳು ಹೋದವು, ದೇವಸ್ಥಾನಗಳ ಬೆಳ್ಳಿಬಂಗಾರವೂ ಹೋಯಿತು. ಉಳಿದದ್ದಕ್ಕೆ ಸಾಹುಕಾರರು ಹೊಣೆ ನಿಂತರು. ಮುಂದೆ ಸಂಬಳ ಸಿಗದ ಸೈನಿಕರು ನಂಜರಾಜನ ಮನೆಬಾಗಿಲಲ್ಲಿ ಧರಣಿ ಕೂತರು. ಬಾಕಿ ತೀರಿಸಿ ಅವರನ್ನು ಸಮಾಧಾನಪಡಿಸಿದ ಮೈಸೂರಿನ ದಳಪತಿ ಹೈದರ್ ಅಲಿ 1761ರ ಹೊತ್ತಿಗೆ ರಾಜ್ಯದ ಒಡೆತನವನ್ನೇ ಪಡೆದ. 1756ರಲ್ಲಿ ನವಾಬ ಅಬ್ದುಲ್ ಹಕೀಂ ಖಾನನ ಸವಣೂರನ್ನು ಮರಾಠರ ಪೇಶ್ವೆ ಮುತ್ತಿದಾಗಲೂ ಬುಸ್ಸಿಯ ತೋಪುಗಳು ಅಲ್ಲಿದ್ದವು.

ಇಳಿಗಾಲ: 1758ರಲ್ಲಿ ದೊರೆ 15ನೆಯ ಲೂಯಿ ನೇಮಿಸಿದ್ದ ಸೇನಾಧಿಪತಿ ಲಾಲಿ ಈತನನ್ನು ಕರ್ನಾಟಿಕ್ ಪ್ರಾಂತ್ಯಕ್ಕೆ ಕರೆಸಿಕೊಂಡ. ತಾನು ಹೊರಟರೆ ಹೈದರಾಬಾದು ಕೈತಪ್ಪುವುದೆಂದು ಬಲ್ಲವನಾದರೂ ಆಜ್ಞೆ ಮೀರಲಿಲ್ಲ. ಮರುವರ್ಷವೇ ಫ್ರೆಂಚರ ಕೈಯಲ್ಲಿದ್ದ ಮಚಲಿಪಟ್ಟಣ ಇಂಗ್ಲಿಷರ ವಶವಾಯಿತು. 1760ರ ವಾಂಡಿವಾಷ್ ಕದನದಲ್ಲಿ ಬುಸ್ಸಿಯೇ ಸೆರೆಸಿಕ್ಕ.

ಮರುಬರವು: ಬಿಡುಗಡೆಯಾಗಿ ಫ್ರಾನ್ಸಿಗೆ ಮರಳಿದ್ದವನು 1783ರ ಮಾರ್ಚಿನಲ್ಲಿ ಇಂಗ್ಲಿಷರ ವಿರುದ್ಧ ಮೈಸೂರಿನ ಮಿತ್ರನಾಗಿ ಪರಂಗಿಪೇಟೆಯಲ್ಲಿ ಬಂದಿಳಿದ. ಹೈದರ್ ಅಷ್ಟರಲ್ಲಿ ತೀರಿಕೊಂಡಿದ್ದ. ಜೂನ್ 13ರಂದು ಕಡಲೂರಿನಲ್ಲಿ ಇಂಗ್ಲಿಷರನ್ನು ಎದುರಿಸಿದ. ಯೂರೋಪಿನಲ್ಲಿ ಸಂಧಿಯಾದ ಸುದ್ದಿ ಬಂದೊಡನೆ ಯುದ್ಧ ನಿಲ್ಲಿಸಿದ. ಮಂಗಳೂರಿನ ಮುತ್ತಿಗೆಯಲ್ಲಿ ಹೈದರನ ಮಗ ಟಿಪ್ಪುವಿನ ಜೊತೆಗಿದ್ದ ಫ್ರೆಂಚ್ ಪಡೆಯೂ ಹಿಂದೆ ಸರಿಯಿತು.

ಬುಸ್ಸಿಯ ಶೌರ್ಯ, ಚಾತುರ್ಯ ನಿರ್ವಿವಾದ. ಆದರೆ ಆತನ ನಿಷ್ಠೆ ದೂರದ ದೊರೆಗೆ ಸಂದಿತು, ಅದರ ಬೆಲೆಯನ್ನು ಶ್ರೀರಂಗಪಟ್ಟಣದ ಬೊಕ್ಕಸವೂ ದೇಗುಲಗಳೂ ತೆತ್ತವು. 1785ರ ಜನವರಿಯಲ್ಲಿ ಪುದುಚೇರಿಯಲ್ಲಿ ನಿಧನನಾದ.