ಓಖ್ಲಾದಲ್ಲಿ ನೆರೆದ ಆಗ್ರಾದ ಸಂತೆ

ಮುಸ್ಲಿಮರಿಗೂ ನಾಟಕಕ್ಕೂ ಏನು ನಂಟು ಎಂದು ಕೇಳುವವರು ಎರಡೂ ಕಡೆ ಇದ್ದಾರೆ. ಹೊರಗಿನವರು ಅಚ್ಚರಿಯಿಂದ ಕೇಳಿದರೆ, ನಮ್ಮೊಳಗಿನ ಕೆಲವರು ಗದರಿಸುವ ದನಿಯಲ್ಲಿ ಕೇಳುತ್ತಾರೆ. ಇಬ್ಬರಿಗೂ ನಾವು ದೆಹಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ವಿದ್ಯಾರ್ಥಿ ರಂಗವನ್ನು ತೋರಿಸಬಹುದು.

ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಸರಕಾರಿ ನೆರವಿನ ಶಿಕ್ಷಣವನ್ನು ತೊರೆದವರು 1920ರ ಅಕ್ಟೋಬರ್ 29ರಂದು ಅಲೀಗಢದಲ್ಲಿ ಕಟ್ಟಿದ ಸಂಸ್ಥೆ ಅದು. 1925ರಲ್ಲಿ ದೆಹಲಿಗೆ ಬಂತು. ಮರುವರ್ಷ ಜರ್ಮನಿಯಿಂದ ಮರಳಿದ ಮೂವರು ತರುಣರು, ಝಾಕಿರ್ ಹುಸೇನ್, ಆಬಿದ್ ಹುಸೇನ್ ಮತ್ತು ಮುಹಮ್ಮದ್ ಮುಜೀಬ್, ಅದಕ್ಕೆ ಹೆಗಲು ಕೊಟ್ಟರು. ಬೊಕ್ಕಸ ಬರಿದಾಗಿತ್ತು. ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಸಂಬಳ ಪಡೆಯದೆ 20 ವರ್ಷ ದುಡಿಯುತ್ತೇವೆಂದು ಅಲ್ಲಿನ ಅಧ್ಯಾಪಕರು ಪಣ ತೊಟ್ಟರು. ಇಂಥ ಬಡತನದಲ್ಲಿ ನಾಟಕ ಯಾರಿಗೆ ಬೇಕು? ಅವರಿಗೆ ಬೇಕಿತ್ತು. ಬಾಯಿಪಾಠವೇ ಶಿಕ್ಷಣವೆಂದು ಅವರು ನಂಬಿರಲಿಲ್ಲ. ಆಬಿದ್ ಹುಸೇನರು 'ಪರ್ದಾ-ಎ-ಗಫ್ಲತ್' ಬರೆದರು. ಇತಿಹಾಸದ ಮೇಷ್ಟ್ರಾಗಿದ್ದ ಮುಜೀಬರು 'ಖೇತಿ'ಯಿಂದ ತೊಡಗಿ ಹಲವು ನಾಟಕಗಳನ್ನು ಬರೆದರು. ದಾರಾ ಶಿಕೋಹ್ ಮತ್ತು ಔರಂಗಝೇಬರ ಕಲಹ 'ಖಾನಾ ಜಂಗಿ'ಯ ವಸ್ತುವಾದರೆ, 1857ರ ದಂಗೆ 'ಆಝ್ಮಾಯಿಷ್'ನದು. 1948ರಿಂದ 1973ರವರೆಗೆ ಜಾಮಿಯಾದ ಕುಲಪತಿಯಾಗಿದ್ದವರು ಈ ನಾಟಕಕಾರರೇ!

ಈ ನೆಲದಲ್ಲಿಯೇ 1954ರಲ್ಲಿ ಹಬೀಬ್ ತನ್ವೀರರ 'ಆಗ್ರಾ ಬಝಾರ್' ಹುಟ್ಟಿತು. ಜನಕವಿ ನಝೀರ್ ಅಕ್ಬರಾಬಾದಿಯವರ ನೆನಪಿಗೆಂದು ಜಾಮಿಯಾದಲ್ಲಿ ಸಿದ್ಧವಾದ ನಾಟಕವಿದು. ನಝೀರರು ಸೌತೆಕಾಯಿ, ಗಾಳಿಪಟ, ಎಳ್ಳುಂಡೆಗಳ ಮೇಲೆ ಹಾಡು ಕಟ್ಟಿದವರು. ಈದ್, ಹೋಳಿ, ದೀಪಾವಳಿಗಳನ್ನು ಒಂದೇ ಮನಸ್ಸಿನಿಂದ ಹಾಡಿದವರು. ನಮಗೆ ಶಿಶುನಾಳ ಶರೀಫರು ನೆನಪಾದರೆ ತಪ್ಪಿಲ್ಲ. ನಾಟಕದಲ್ಲಿ ನಝೀರರು ಒಮ್ಮೆಯೂ ರಂಗಕ್ಕೆ ಬರುವುದಿಲ್ಲ. ಅವರ ಹಾಡುಗಳು ಮಾತ್ರ ಫಕೀರರ ಬಾಯಲ್ಲಿ ಬರುತ್ತವೆ. ಪುಸ್ತಕದಂಗಡಿಯಲ್ಲಿ ಕುಳಿತ ಪಂಡಿತರು ಅದು ಕಾವ್ಯವೇ ಅಲ್ಲವೆಂದು ಮೂಗು ಮುರಿಯುತ್ತಾರೆ. ಅತ್ತ, ವ್ಯಾಪಾರವಿಲ್ಲದೆ ಕಂಗೆಟ್ಟ ಸೌತೆಕಾಯಿಯವನು ನಝೀರರಿಂದ ಹಾಡು ಪಡೆದು ಹಾಡಿದಾಗ ಅವನ ಸರಕೆಲ್ಲ ಖರ್ಚಾಗುತ್ತದೆ!

ನಾಟಕವಾಡಿದವರು ಯಾರು? ಜಾಮಿಯಾದ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು. ಅವರ ಜೊತೆಗೆ ಪಕ್ಕದ ಓಖ್ಲಾ ಹಳ್ಳಿಯ ಜನ. ಶುದ್ಧ ಉರ್ದು ಕಲಿತ ಹುಡುಗರು ಹಳ್ಳಿಗರ ಪಕ್ಕದಲ್ಲಿ ನಿಂತು ಮಾತಾಡಬೇಕಾಯಿತು. ಭಾಷೆ ಪಂಡಿತರದೋ ಸಂತೆಯವರದೋ ಎಂಬುದು ನಾಟಕ ಎತ್ತಿದ ಪ್ರಶ್ನೆ. ಅದಕ್ಕೆ ಉತ್ತರ ಪಾತ್ರಧಾರಿಗಳ ಪಟ್ಟಿಯಲ್ಲೇ ಇತ್ತು. ಮುಂದೆ 1959ರಲ್ಲಿ ತನ್ವೀರರು 'ನಯಾ ಥಿಯೇಟರ್' ಕಟ್ಟಿ, ಛತ್ತೀಸಗಢದ ಜನಪದ ಕಲಾವಿದರೊಡನೆ 2009ರಲ್ಲಿ ತೀರಿಕೊಳ್ಳುವವರೆಗೂ ದುಡಿದರು. ಆ ದಾರಿಯ ಮೊದಲ ಹೆಜ್ಜೆಗಳು ಈ ಕಾಲೇಜಿನ ಅಂಗಳದಲ್ಲಿವೆ.

ಇಂದು ನಮ್ಮ ಸಮುದಾಯ ಊರೂರಲ್ಲಿ ಕಾಲೇಜು ಕಟ್ಟುತ್ತಿದೆ, ಸಂತೋಷ. ಆದರೆ ಕಟ್ಟಡದ ನಕಾಶೆ ಬರೆಸುವಾಗ ಪ್ರಯೋಗಾಲಯಕ್ಕೆ ಜಾಗ ಬಿಡುವ ನಾವು, ಮಕ್ಕಳು ಬಾಯಿಬಿಟ್ಟು ಮಾತಾಡುವ ಒಂದು ಜಗಲಿಗೂ ಜಾಗ ಬಿಡುತ್ತೇವೆಯೇ? 150 ರೂಪಾಯಿಯ ಮೇಷ್ಟ್ರುಗಳು ಬಿಟ್ಟಿದ್ದರು.