ಕಂಪ್ಯೂಟರ್ ಏಳುತ್ತಿಲ್ಲವೇ? ಮೊದಲು ಅದರ ಇಸವಿ ಕೇಳಿ

ಪಂಪ್‌ಸೆಟ್ ಓಡದಿದ್ದರೆ ನಾವು ಯಾರೂ ಮೊದಲೇ ಮೋಟಾರ್ ಬಿಚ್ಚಿ ರಿವೈಂಡಿಂಗ್ ಅಂಗಡಿಗೆ ಹೊತ್ತು ಹೋಗುವುದಿಲ್ಲ. ಮೂರೂ ಫೇಸ್ ಬಂದಿದೆಯಾ ನೋಡುತ್ತೇವೆ. ಫ್ಯೂಸ್ ನೋಡುತ್ತೇವೆ, ಸ್ಟಾರ್ಟರ್ ನೋಡುತ್ತೇವೆ. ಮೋಟಾರ್ ಸರದಿ ಕೊನೆಗೆ.

ಕಂಪ್ಯೂಟರ್ ವಿಷಯದಲ್ಲಿ ಮಾತ್ರ ಈ ಬುದ್ಧಿ ಕೈಕೊಡುತ್ತದೆ. ಹೊಸ ರ‍್ಯಾಮ್ ಹಾಕಿದ ಮೇಲೆ ಪರದೆ ಕಪ್ಪಗೆ ಉಳಿದರೆ, "ಮದರ್‌ಬೋರ್ಡ್ ಹೋಯ್ತು" ಎಂದು ಯಾರೋ ಹೇಳಿದ್ದನ್ನು ನಂಬಿ ದುಡ್ಡು ಎಣಿಸಿಬಿಡುತ್ತೇವೆ.

ಈ ಮಾತು ಈಗ ಯಾಕೆಂದರೆ, 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಹಳೆಯ ಯಂತ್ರಗಳನ್ನು ಸುಲಭಕ್ಕೆ ಒಪ್ಪುವುದಿಲ್ಲ. ಹಾಗಾಗಿ ನಗರದ ಆಫೀಸುಗಳು, ಮನೆಗಳು ಕೈಬಿಟ್ಟ ಡೆಸ್ಕ್‌ಟಾಪ್‌ಗಳು ಸೆಕೆಂಡ್ ಹ್ಯಾಂಡ್ ಆಗಿ ಊರ ಕಡೆ ಬರುತ್ತವೆ. ಮಕ್ಕಳ ಓದಿಗೆಂದು ಕೊಳ್ಳುತ್ತೇವೆ, ನಿಧಾನವೆಂದು ರ‍್ಯಾಮ್ ಇಲ್ಲವೇ ಎಸ್‌ಎಸ್‌ಡಿ ಸೇರಿಸುತ್ತೇವೆ. ಆಗಲೇ ಅದು ಏಳುವುದಿಲ್ಲ.

ಹೊಸ ಭಾಗ ಹಾಕಿದ ಕೂಡಲೇ ನಿಂತ ಕಂಪ್ಯೂಟರ್ ಎಷ್ಟೋ ಸಲ ಸುಟ್ಟಿರುವುದಿಲ್ಲ. ಒಂದೇ ಡಬ್ಬಿಯಲ್ಲಿ ಬೇರೆ ಬೇರೆ ಇಸವಿಯ ಭಾಗಗಳು ಕೂತಿರುತ್ತವೆ, ಅವುಗಳ ನಡುವೆ ಹೊಂದಾಣಿಕೆ ಆಗಿರುವುದಿಲ್ಲ. ಯಾವ ಇಸವಿಯಲ್ಲಿ ಏನು ಬದಲಾಯಿತು ಎಂದು ಗೊತ್ತಿದ್ದರೆ ತೊಂದರೆ ಎಲ್ಲಿದೆ ಎಂಬುದೂ ಬೇಗ ಗೊತ್ತಾಗುತ್ತದೆ. ಆ ಕಥೆಯನ್ನು ದಕ್ಷಿಣ ಬೆಂಗಳೂರಿನಿಂದ ಶುರು ಮಾಡೋಣ.

ಜಯನಗರಕ್ಕೂ ಕಂಪ್ಯೂಟರಿಗೂ ಏನು ನಂಟು?

ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ, ರಾಜಾಜಿಯವರ ಕೈಯಿಂದ. ಆಮೇಲೆ ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಬಡಾವಣೆಗಳು ಬೆಳೆದವು. ಬಿಟಿಎಂ ಎಂದರೆ ಭೈರಸಂದ್ರ, ತಾವರೆಕೆರೆ, ಮಡಿವಾಳ. ಮೂರು ಹಳ್ಳಿಗಳ ಹೆಸರು ಮೂರು ಅಕ್ಷರವಾಗಿ ಉಳಿದಿದೆ.

ಈ ಭಾಗದ ಸುತ್ತ ಇಂಜಿನಿಯರಿಂಗ್ ಕಾಲೇಜುಗಳು ಬಂದವು. ಬಸವನಗುಡಿಯ ಬಿ.ಎಂ.ಎಸ್. ಕಾಲೇಜು 1946ರದು. ವಿ.ವಿ. ಪುರದ ಬಿಐಟಿ, ಕುಮಾರಸ್ವಾಮಿ ಬಡಾವಣೆಯ ದಯಾನಂದ ಸಾಗರ ಎರಡೂ 1979ರವು. 1970ರ ದಶಕದ ಕೊನೆಗೆ ಕಿಯೋನಿಕ್ಸ್ ಸಂಸ್ಥೆ ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಲು ಹೊರಟಿತು. 1983ರಲ್ಲಿ ಇನ್ಫೋಸಿಸ್ ಪುಣೆಯಿಂದ ಬೆಂಗಳೂರಿಗೆ ಬಂತು. ಓದುವವರು, ಕೆಲಸ ಮಾಡುವವರು ಈ ಬಡಾವಣೆಗಳಲ್ಲೇ ಮನೆ, ರೂಮು ಹಿಡಿದರು. ಅವರಲ್ಲಿ ನಮ್ಮಂಥ ಊರುಗಳಿಂದ ಹೋದವರೂ ಇದ್ದರು.

ಬಿಡಿ ಭಾಗಗಳಿಗೆ ಹೋಗಬೇಕಾದದ್ದು ಕೆ.ಆರ್. ಮಾರ್ಕೆಟ್, ಟೌನ್ ಹಾಲ್ ಹತ್ತಿರದ ಎಸ್.ಪಿ. ರೋಡಿಗೆ. ಭಾರತ 1997ರಲ್ಲಿ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸಹಿ ಹಾಕಿತು. ಕಂಪ್ಯೂಟರ್ ಭಾಗಗಳ ಆಮದು ಸುಂಕ ಹಂತ ಹಂತವಾಗಿ ಇಳಿದು 2005ರ ಹೊತ್ತಿಗೆ ಸೊನ್ನೆಗೆ ಬಂತು. ಕಂಪನಿಯ ಸೀಲ್ ಇರುವ ಯಂತ್ರಕ್ಕಿಂತ ಬಿಡಿ ಭಾಗ ತಂದು ಜೋಡಿಸಿದ ಅಸೆಂಬಲ್ಡ್ ಕಂಪ್ಯೂಟರ್ ಅಗ್ಗ. ಇವತ್ತು ಕ್ಯಾಬಿನೆಟ್, ಮುಂದಿನ ವರ್ಷ ದೊಡ್ಡ ಹಾರ್ಡ್ ಡಿಸ್ಕ್, ಆಮೇಲೆ ಗ್ರಾಫಿಕ್ಸ್ ಕಾರ್ಡ್. ಹಳೆಯದಕ್ಕೆ ಹೊಸದು ಕೂಡಿಸುವ ಪದ್ಧತಿ ಹೀಗೆ ಮನೆಮನೆಗೆ ಬಂತು. ಅದರ ಜೊತೆಗೆ "ಡಿಸ್‌ಪ್ಲೇ ಬರ್ತಿಲ್ಲ" ಎಂಬ ದೂರೂ ಬಂತು.

1981 ಮತ್ತು 1984: ಯಂತ್ರ ಮಾತಾಡಲು ಕಲಿತದ್ದು

1981ರ ಆಗಸ್ಟ್ 12ರಂದು ಅಮೆರಿಕದ ಐಬಿಎಂ ಕಂಪನಿ ತನ್ನ ಪಿಸಿ ಹೊರತಂದಿತು. ಇಂದಿನ ಡೆಸ್ಕ್‌ಟಾಪ್‌ಗಳೆಲ್ಲ ಅದರ ಮರಿಮಕ್ಕಳು. ಮುಚ್ಚಳ ತೆಗೆದು ಹೊಸ ಕಾರ್ಡ್ ಸಿಕ್ಕಿಸಬಹುದಾಗಿತ್ತು. ಕರೆಂಟ್ ಕೊಟ್ಟ ಕೂಡಲೇ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತಿತ್ತು. ಒಂದು ಸಣ್ಣ ಬೀಪ್ ಬಂದರೆ ಎಲ್ಲ ಸರಿ ಎಂದರ್ಥ. ಬೀಪ್‌ಗಳ ಸಂಖ್ಯೆ ಬದಲಾದರೆ ಎಲ್ಲೋ ತೊಂದರೆ.

ಈ ಬೀಪ್ ಭಾಷೆ ಇಂದಿಗೂ ಸತ್ತಿಲ್ಲ. ಉದ್ದನೆಯ ಬೀಪ್ ನಿಲ್ಲದೆ ಮತ್ತೆ ಮತ್ತೆ ಬಂದರೆ ಬಹಳ ಬೋರ್ಡ್‌ಗಳಲ್ಲಿ ರ‍್ಯಾಮ್ ದೂರು. ಒಂದು ಉದ್ದ, ಎರಡು ಗಿಡ್ಡ ಬಂದರೆ ಸಾಮಾನ್ಯವಾಗಿ ಡಿಸ್‌ಪ್ಲೇ ಕಾರ್ಡಿನ ದೂರು. ಬೋರ್ಡ್ ಕಂಪನಿಗೆ ತಕ್ಕಂತೆ ಅರ್ಥ ಬದಲಾಗುತ್ತದೆ, ಅದರ ಕೈಪಿಡಿ ನೋಡಬೇಕು. ಈಗಿನ ಎಷ್ಟೋ ಕ್ಯಾಬಿನೆಟ್‌ಗಳಲ್ಲಿ ಆ ಪುಟ್ಟ ಸ್ಪೀಕರೇ ಇರುವುದಿಲ್ಲ. ಅದನ್ನು ಹಾಕಿಸಿಕೊಂಡರೆ ಯಂತ್ರದ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿದಂತೆ.

1984ರ ನವೆಂಬರ್‌ನಲ್ಲಿ ಭಾರತ ಸರ್ಕಾರ ಹೊಸ ಕಂಪ್ಯೂಟರ್ ನೀತಿ ತಂದು ಆಮದಿನ ಬಿಗಿ ಸಡಿಲಿಸಿತು. ಅದೇ ವರ್ಷ ಐಬಿಎಂನ ಪಿಸಿ ಎಟಿ ಬಂತು. ತನ್ನೊಳಗೆ ಎಷ್ಟು ಮೆಮೊರಿ ಇದೆ, ಯಾವ ಡಿಸ್ಕ್ ಇದೆ ಎಂಬ ಲೆಕ್ಕವನ್ನು ಬ್ಯಾಟರಿಯ ಬಲದಲ್ಲಿ ನೆನಪಿಟ್ಟುಕೊಳ್ಳುವ ಯಂತ್ರ ಅದು. ನೀವು ಮೆಮೊರಿ ಸೇರಿಸಿ ಲೆಕ್ಕ ತಿದ್ದದಿದ್ದರೆ ಪರದೆಯ ಮೇಲೆ 164 ಎಂಬ ಸಂಖ್ಯೆ ಬರುತ್ತಿತ್ತು. ನಾನು ಬರೆದಿಟ್ಟ ಲೆಕ್ಕಕ್ಕೂ ಈಗ ಕಾಣುವುದಕ್ಕೂ ತಾಳೆ ಇಲ್ಲ ಎಂದು ಅದರ ಅರ್ಥ. ಯಂತ್ರ ಕೆಟ್ಟಿರಲಿಲ್ಲ, ಖಾತೆ ಪುಸ್ತಕ ಹಳೆಯದಾಗಿತ್ತು, ಅಷ್ಟೆ.

ಇಂದು ಮದರ್‌ಬೋರ್ಡ್ ಮೇಲೆ ಕಾಣುವ ನಾಣ್ಯದಂಥ ಸೆಲ್ ಅದೇ ಕೆಲಸದ್ದು. ಅದರ ಮೇಲೆ ಸಿಆರ್2032 ಎಂದು ಬರೆದಿರುತ್ತದೆ. ಪ್ಲಗ್ ಕಿತ್ತು, ಆ ಸೆಲ್ ಐದು ನಿಮಿಷ ತೆಗೆದಿಟ್ಟು ಮತ್ತೆ ಹಾಕಿದರೆ ಹಳೆಯ ಲೆಕ್ಕ ಅಳಿಸಿಹೋಗುತ್ತದೆ. ಎಷ್ಟೋ ಸಲ ಇಷ್ಟಕ್ಕೇ ಯಂತ್ರ ಏಳುತ್ತದೆ.

ಕಪ್ಪು ತಂತಿ ಮತ್ತು ಕೆಂಪು ಸ್ವಿಚ್

ಎಟಿ ಕಾಲದ ಯಂತ್ರಗಳಲ್ಲಿ ಒಂದು ನಿಜವಾದ ಅಪಾಯವಿತ್ತು. ಎಸ್‌ಎಂಪಿಎಸ್‌ನಿಂದ ಬೋರ್ಡಿಗೆ ಕರೆಂಟ್ ತರುವ ಪ್ಲಗ್‌ಗಳು ಎರಡು, ಪಿ8 ಮತ್ತು ಪಿ9. ಅದಲು ಬದಲಾದರೆ ಬೋರ್ಡ್ ಸುಡಬಹುದಿತ್ತು. ಕಪ್ಪು ತಂತಿಯ ಪಕ್ಕ ಕಪ್ಪು ತಂತಿ ಬರಬೇಕು ಎಂಬುದು ಆ ಕಾಲದ ಮೆಕ್ಯಾನಿಕ್‌ಗಳ ಮೊದಲ ಪಾಠ.

ಇನ್ನೊಂದು ಅಪಾಯ ಡಬ್ಬಿಯ ಹಿಂದೆ, ಎಸ್‌ಎಂಪಿಎಸ್ ಮೇಲಿದ್ದ ಕೆಂಪು ಸ್ವಿಚ್. ಅದರಲ್ಲಿ 115 ಅಥವಾ 230 ಎಂದಿರುತ್ತದೆ. ಅಮೆರಿಕದ ಮನೆ ಕರೆಂಟ್ 120 ವೋಲ್ಟ್, ನಮ್ಮದು 230. ವಿದೇಶದಿಂದ ತಂದ ಯಂತ್ರವನ್ನಾಗಲಿ, ಬದಲಿಸಿ ಹಾಕಿದ ಎಸ್‌ಎಂಪಿಎಸ್ ಅನ್ನಾಗಲಿ 115ರಲ್ಲೇ ಬಿಟ್ಟು ಸ್ವಿಚ್ ಒತ್ತಿದರೆ ಢಮ್ ಎಂದು ಶಬ್ದ, ಸುಟ್ಟ ವಾಸನೆ. ಹೊಸ ಎಸ್‌ಎಂಪಿಎಸ್‌ಗಳಲ್ಲಿ ಈ ಸ್ವಿಚ್ ಹೆಚ್ಚಾಗಿ ಇರುವುದಿಲ್ಲ, ಹಳೆಯವುಗಳಲ್ಲಿ ಇನ್ನೂ ಇದೆ. ಕೈಗೆ ಬಂದ ಯಂತ್ರದ ಹಿಂಭಾಗ ಒಮ್ಮೆ ನೋಡಿ.

1995 ಮತ್ತು 2000: ಫ್ಯಾನ್ ತಿರುಗುತ್ತದೆ, ಚಿತ್ರ ಬರುವುದಿಲ್ಲ

1995ರಲ್ಲಿ ಇಂಟೆಲ್ ಕಂಪನಿ ಎಟಿಎಕ್ಸ್ ಎಂಬ ಹೊಸ ಮಾದರಿ ತಂದಿತು. ಎರಡು ಪ್ಲಗ್ ಹೋಗಿ 20 ಪಿನ್ನಿನ ಒಂದೇ ಪ್ಲಗ್ ಬಂತು. ಅದನ್ನು ತಿರುವುಮುರುವು ಹಾಕಲು ಆಗುವುದಿಲ್ಲ. ಆದರೆ ಇನ್ನೊಂದು ಬದಲಾವಣೆ ಕಣ್ಣಿಗೆ ಕಾಣುವುದಿಲ್ಲ. ಮುಂದಿನ ಬಟನ್ ಈಗ ಕರೆಂಟ್ ಕಡಿಯುವ ಸ್ವಿಚ್ ಅಲ್ಲ. ಯಂತ್ರ ಆಫ್ ಆಗಿದ್ದರೂ ಬೋರ್ಡಿಗೆ 5 ವೋಲ್ಟ್ ಹರಿಯುತ್ತಲೇ ಇರುತ್ತದೆ. ಆದ್ದರಿಂದ ರ‍್ಯಾಮ್ ಹಾಕುವ ಮೊದಲು ಗೋಡೆಯ ಪ್ಲಗ್ಗನ್ನೇ ಕೀಳಬೇಕು.

2000ದಲ್ಲಿ ಪೆಂಟಿಯಂ 4 ಪ್ರೊಸೆಸರ್ ಬಂತು. ಅದಕ್ಕೆ ಕರೆಂಟ್ ಹೆಚ್ಚು ಬೇಕು. ಪ್ರೊಸೆಸರ್ ಪಕ್ಕದಲ್ಲೇ 4 ಪಿನ್ನಿನ ಪ್ರತ್ಯೇಕ ಪ್ಲಗ್ ಸೇರಿತು. ಮುಂದೆ ಅದು 8 ಪಿನ್ ಆಯಿತು, ದೊಡ್ಡ ಪ್ಲಗ್ 24 ಪಿನ್ ಆಯಿತು. ಈ ಚಿಕ್ಕ ಪ್ಲಗ್ ಮರೆತರೆ ಫ್ಯಾನ್ ತಿರುಗುತ್ತದೆ, ದೀಪ ಹೊತ್ತುತ್ತದೆ, ಪರದೆಯಲ್ಲಿ ಏನೂ ಬರುವುದಿಲ್ಲ. ನೋಡಿದವರು ಬೋರ್ಡ್ ಸತ್ತಿದೆ ಎನ್ನುತ್ತಾರೆ. ಇಂದಿಗೂ ಹೊಸದಾಗಿ ಜೋಡಿಸಿದ ಯಂತ್ರ ಏಳದಿರಲು ಸಾಮಾನ್ಯ ಕಾರಣಗಳಲ್ಲಿ ಇದೂ ಒಂದು.

ಗ್ರಾಫಿಕ್ಸ್ ಕಾರ್ಡ್ ಕಥೆಯೂ ಹಾಗೇ. ಸ್ಲಾಟ್‌ನಿಂದ ಸಿಗುವುದು ಹೆಚ್ಚೆಂದರೆ 75 ವಾಟ್. ದೊಡ್ಡ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ಪ್ರತ್ಯೇಕ ವಯರ್ ಕೊಡಬೇಕು. ಮಾನಿಟರ್ ಕೇಬಲ್ಲನ್ನೂ ಬೋರ್ಡಿನಿಂದ ಕಿತ್ತು ಹೊಸ ಕಾರ್ಡಿಗೆ ಚುಚ್ಚಬೇಕು. ಹಳೆಯ ಜಾಗದಲ್ಲೇ ಬಿಟ್ಟರೆ ಕತ್ತಲೆ.

1999: ದೊಡ್ಡ ಡಿಸ್ಕ್ ಕಂಡು ನಿಂತ ಯಂತ್ರಗಳು

ಕಂಪ್ಯೂಟರ್ ಎದ್ದ ಕೂಡಲೇ ಓಡುವ ಮೊದಲ ತಂತ್ರಾಂಶದ ಹೆಸರು ಬಯೋಸ್. 1999ಕ್ಕೆ ಮೊದಲು ಬರೆದ ಎಷ್ಟೋ ಅವಾರ್ಡ್ ಕಂಪನಿಯ ಬಯೋಸ್‌ಗಳಿಗೆ 33.8 ಜಿಬಿಗಿಂತ ದೊಡ್ಡ ಡಿಸ್ಕನ್ನು ಎಣಿಸಲು ಬರುತ್ತಿರಲಿಲ್ಲ. 40 ಜಿಬಿ ಡಿಸ್ಕ್ ಹಾಕಿದರೆ ಯಂತ್ರ ಶುರುವಿನಲ್ಲೇ ನಿಂತುಬಿಡುತ್ತಿತ್ತು. ಡಿಸ್ಕ್ ಸರಿ, ಬೋರ್ಡ್ ಸರಿ, ಎಣಿಕೆ ಮಾತ್ರ ಸಾಲದು. ಡಿಸ್ಕ್ ಕಂಪನಿಗಳು ಒಂದು ಉಪಾಯ ಮಾಡಿದವು. ಡಿಸ್ಕ್ ಮೇಲೆ ಚಿಕ್ಕ ಜಂಪರ್ ಹಾಕಿದರೆ ಅದು ತಾನು 32 ಜಿಬಿ ಮಾತ್ರ ಎಂದು ಹೇಳಿಕೊಳ್ಳುತ್ತಿತ್ತು. ದೊಡ್ಡವನು ತಲೆ ಬಗ್ಗಿಸಿ ಚಿಕ್ಕ ಬಾಗಿಲಲ್ಲಿ ಬಂದಂತೆ.

ಒಂದೇ ರೂಪ, ಬೇರೆ ಕಾಲ

ರ‍್ಯಾಮ್ ಪಟ್ಟಿಗಳು ನೋಡಲು ಅಣ್ಣತಮ್ಮಂದಿರು. ಆದರೆ ಡಿಡಿಆರ್3 ಬಂದದ್ದು 2007ರಲ್ಲಿ, ಡಿಡಿಆರ್4 2014ರಲ್ಲಿ. ಕೆಳಗಿನ ಕಚ್ಚಿನ ಜಾಗ ಬೇರೆ. ಕೂರದಿದ್ದರೆ ಒತ್ತಬೇಡಿ, ಅದು ಆ ಕಾಲದ್ದಲ್ಲ. ಆನ್‌ಲೈನಿನಲ್ಲಿ ತೀರಾ ಅಗ್ಗಕ್ಕೆ ಸಿಗುವ ಸರ್ವರ್ ರ‍್ಯಾಮ್‌ಗಳೂ ಇವೆ. ಅವು ಸ್ಲಾಟ್‌ನಲ್ಲಿ ಕೂತರೂ ಸಾಮಾನ್ಯ ಡೆಸ್ಕ್‌ಟಾಪ್ ಏಳುವುದಿಲ್ಲ.

ಪ್ರೊಸೆಸರ್‌ನಲ್ಲಿ ಇನ್ನೂ ಮೋಸ ಹೋಗುವಂಥ ಉದಾಹರಣೆ ಇದೆ. ಇಂಟೆಲ್‌ನ ಆರು, ಏಳನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ 1151 ಸಂಪರ್ಕಗಳು. 2017ರಲ್ಲಿ ಬಂದ ಎಂಟನೇ ಪೀಳಿಗೆಗೂ 1151. ಸಾಕೆಟ್‌ನಲ್ಲಿ ಕೂರುತ್ತದೆ, ಆದರೆ ಹಳೆಯ ಬೋರ್ಡ್ ಅದನ್ನು ಏಳಿಸುವುದಿಲ್ಲ. 2018ರಲ್ಲಿ ಎಎಂಡಿ ಕಂಪನಿಯ ಹೊಸ ರೈಜೆನ್ ಪ್ರೊಸೆಸರ್ ಕೊಂಡವರಿಗೂ ಹೀಗೇ ಆಯಿತು. ಬೋರ್ಡಿನ ಬಯೋಸ್ ಹಳೆಯದು, ಹೊಸ ಬಯೋಸ್ ಇಲ್ಲದೆ ಯಂತ್ರ ಏಳದು, ಯಂತ್ರ ಏಳದೆ ಬಯೋಸ್ ಹೊಸದಾಗದು. ಕೊನೆಗೆ ಕಂಪನಿಯೇ ಹಳೆಯ ಮಾದರಿಯ ಪ್ರೊಸೆಸರನ್ನು ಗ್ರಾಹಕರಿಗೆ ಎರವಲು ಕಳಿಸಿತು.

ಇನ್ನು ಎಸ್‌ಎಸ್‌ಡಿ. ಬಯೋಸ್ ಜಾಗಕ್ಕೆ ಈಗ ಯುಇಎಫ್‌ಐ ಎಂಬುದು ಬಂದಿದೆ. ಹಳೆಯ ವಿಧಾನದಲ್ಲಿ ವಿಂಡೋಸ್ ಹಾಕಿದ ಡಿಸ್ಕನ್ನು ಯುಇಎಫ್‌ಐ ಮಾತ್ರ ಒಪ್ಪುವ ಯಂತ್ರಕ್ಕೆ ಸಿಕ್ಕಿಸಿದರೆ "ಬೂಟ್ ಡಿವೈಸ್ ಇಲ್ಲ" ಎನ್ನುತ್ತದೆ. ಪರದೆಯಲ್ಲಿ ಅಕ್ಷರ ಬಂತೆಂದರೆ ಬೋರ್ಡ್, ರ‍್ಯಾಮ್ ಕೆಲಸ ಮಾಡುತ್ತಿವೆ ಎಂದೇ ಅರ್ಥ. ಆಗ ಬೋರ್ಡ್ ಬದಲಿಸಿ ಎನ್ನುವವರ ಮಾತು ಕೇಳಬೇಡಿ.

ಪಂಪ್‌ಸೆಟ್ ಕ್ರಮದಲ್ಲೇ ನೋಡಿ

1. ಗೋಡೆಯ ಪ್ಲಗ್ ಕೀಳಿ. ಹೊಸದಾಗಿ ಹಾಕಿದ ಭಾಗ ತೆಗೆದು ಹಳೆಯದನ್ನೇ ಹಾಕಿ ನೋಡಿ. ಯಂತ್ರ ಎದ್ದರೆ ಬೋರ್ಡ್ ಬದುಕಿದೆ.
2. ದೊಡ್ಡ ಪ್ಲಗ್, ಪ್ರೊಸೆಸರ್ ಪಕ್ಕದ ಚಿಕ್ಕ ಪ್ಲಗ್, ಗ್ರಾಫಿಕ್ಸ್ ಕಾರ್ಡಿನ ವಯರ್, ಮಾನಿಟರ್ ಕೇಬಲ್ ಒಂದೊಂದಾಗಿ ಮುಟ್ಟಿ ನೋಡಿ.
3. ರ‍್ಯಾಮ್ ಒಂದನ್ನೇ ಇಟ್ಟು, ಎರಡೂ ಬದಿ ಕ್ಲಿಪ್ ಕೂರುವಂತೆ ಒತ್ತಿ. ಸ್ಲಾಟ್ ಬದಲಿಸಿ ನೋಡಿ.
4. ಸೆಲ್ ತೆಗೆದು ಹಾಕಿ. ಡಿಡಿಆರ್5 ಇರುವ ಹೊಸ ಯಂತ್ರವಾದರೆ ಮೊದಲ ಸಲ ಕೆಲವು ನಿಮಿಷ ಕಪ್ಪು ಪರದೆಯೇ ಇರಬಹುದು. ಕಾಯಿರಿ.
5. ಬೀಪ್ ಎಣಿಸಿ, ಬರೆದಿಟ್ಟುಕೊಳ್ಳಿ.

ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಎಂದೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯದ ಕರೆಂಟ್ ಉಳಿದಿರುತ್ತದೆ.

ಇಷ್ಟಾದರೂ ಏಳದಿದ್ದರೆ ಅಂಗಡಿಗೆ ಒಯ್ಯಿರಿ. ಏನೇನು ನೋಡಿದಿರಿ, ಎಷ್ಟು ಬೀಪ್ ಬಂತು, ಯಾವ ಭಾಗ ಹೊಸದು ಎಂದು ಹೇಳಿ. ಬೋರ್ಡ್ ಹೋಗಿದೆ ಎಂದರೆ ಯಾವ ಪರೀಕ್ಷೆಯಿಂದ ಗೊತ್ತಾಯಿತು ಎಂದು ಕೇಳಿ. ಬದಲಿಸಿದ ಹಳೆಯ ಭಾಗವನ್ನು ವಾಪಸ್ ಕೇಳಿ ಪಡೆಯಿರಿ. ರಿವೈಂಡಿಂಗ್ ಅಂಗಡಿಯಲ್ಲಿ ಹಳೆಯ ತಾಮ್ರದ ತಂತಿ ಎಲ್ಲಿ ಎಂದು ಕೇಳುವವರು ನಾವು. ಇಲ್ಲಿ ಕೇಳಲು ಸಂಕೋಚ ಯಾಕೆ?