ಅಶು ಯಾರ ಮನೆಯ ಹೆಣ್ಣು?

ಪುತ್ತೂರಿನಿಂದ ಕೇರಳ ಗಡಿಯ ಕಡೆ ಹೊರಟರೆ ಈಶ್ವರಮಂಗಲ ಸಿಗುತ್ತೆ. ಸುತ್ತಲೂ ಅಡಿಕೆ ತೋಟ. ಅಲ್ಲಿನ ವೀಕ್ಷಕರು ಕೇಳಬಹುದು: ಯಹೂದಿ ಹೆಣ್ಣುಮಕ್ಕಳ ಸ್ತ್ರೀವಾದಕ್ಕೂ ನಮಗೂ ಏನ್ರೀ ಸಂಬಂಧ? ಇದೆ. ಸುಮಾರು 900 ವರ್ಷ ಹಳೆಯ ಸಂಬಂಧ. ಅದರ ಹೆಸರು ಅಶು.

12ನೇ ಶತಮಾನ. ಕರಾವಳಿಯಲ್ಲಿ ಆಳುಪರ ಆಳ್ವಿಕೆ. ಟುನೀಸಿಯಾದ ಮಹ್ದಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಏಡನ್ ದಾಟಿ ಮಂಗಳೂರಿಗೆ ಬಂದ. ಮೆಣಸು, ಅಡಿಕೆ, ಕಬ್ಬಿಣ ಹಡಗಿಗೆ ಹಾಕುತ್ತಿದ್ದ. ಕಂಚಿನ ಪಾತ್ರೆ ಮಾಡಿಸುತ್ತಿದ್ದ. ಅಶು ಅವನ ಒಡೆತನದಲ್ಲಿದ್ದ ದಾಸಿ. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲೇ ಅವಳಿಗೆ ಬಿಡುಗಡೆ ಪತ್ರ ಬರೆದುಕೊಟ್ಟ. ಹೊಸ ಹೆಸರೂ ಇಟ್ಟ: ಬೆರಾಖಾ. ಹೀಬ್ರೂವಿನಲ್ಲಿ ಆಶೀರ್ವಾದ ಅಂತ ಅರ್ಥ.

ದೇವರ ಹೆಸರಿರಬಹುದಾದ ಕಾಗದವನ್ನು ಬಿಸಾಡಬಾರದು ಅನ್ನೋದು ಯಹೂದಿಗಳ ಪದ್ಧತಿ. ಹಾಗಾಗಿ ಕೈರೋದ ಬೆನ್ ಎಜ್ರಾ ಸಿನಗಾಗ್‌ನ ಗೆನಿಜಾ ಕೋಣೆಯಲ್ಲಿ ಲೆಕ್ಕ, ಪತ್ರ, ಮದುವೆ ಕರಾರು ಎಲ್ಲ ರಾಶಿ ಬಿದ್ದಿತ್ತು. 1896ರಲ್ಲಿ ಆಗ್ನೆಸ್ ಲೂಯಿಸ್, ಮಾರ್ಗರೆಟ್ ಗಿಬ್ಸನ್ ಎಂಬ ಸ್ಕಾಟಿಷ್ ಅವಳಿ ಸಹೋದರಿಯರು ತಂದ ಹಾಳೆ ನೋಡಿ ಕೇಂಬ್ರಿಡ್ಜ್‌ನ ಸೊಲೊಮನ್ ಷೆಕ್ಟರ್ ಕೈರೋಗೆ ಓಡಿದರು. ಅದೇ ಕೇಂಬ್ರಿಡ್ಜ್ ಹೆಂಗಸರಿಗೆ ಪೂರ್ಣ ಪದವಿ ಕೊಟ್ಟಿದ್ದು 1948ರಲ್ಲಿ! ಬೆನ್ ಯಿಜುವಿನ ಪತ್ರಗಳನ್ನು ಜೋಡಿಸಿದವರು ಎಸ್.ಡಿ. ಗೊಯಿಟೈನ್. ಅಮಿತಾವ್ ಘೋಷ್ 1992ರಲ್ಲಿ ಅವನ ಮತ್ತು ಅವನ ಆಳು ಬೊಮ್ಮನ ಕಥೆಯನ್ನು ಪುಸ್ತಕ ಮಾಡಿದರು.

ಎಲ್ಲರಿಗೂ ಬೆನ್ ಯಿಜು ಗೊತ್ತು. ಬೊಮ್ಮ ಗೊತ್ತು. ಅಶು?

ಇಲ್ಲಿಗೇ ಬರುತ್ತೆ ನೋಡಿ ಸ್ತ್ರೀವಾದದ ಪ್ರಶ್ನೆ. ಅಮೆರಿಕದ ಮಹಿಳಾ ಅಧ್ಯಯನ ವಿಭಾಗಗಳಲ್ಲಿ 1980ರ ದಶಕದಲ್ಲಿ ಎವೆಲಿನ್ ಟಾರ್ಟನ್ ಬೆಕ್ ತಕರಾರು ಎತ್ತಿದರು: ಎಲ್ಲ ಹೆಣ್ಣುಮಕ್ಕಳ ಬಗ್ಗೆ ಮಾತಾಡ್ತೀರಿ, ಯಹೂದಿ ಹೆಣ್ಣು ಎಲ್ಲಿ ಕಾಣೆಯಾದಳು? ಜುಡಿತ್ ಪ್ಲಾಸ್ಕೋ 1990ರಲ್ಲಿ ಧರ್ಮದೊಳಗಿಂದಲೇ ಅದನ್ನು ಕೇಳಿದರು. ನಾಜಿಗಳಿಂದ ತಪ್ಪಿಸಿಕೊಂಡು ವಿಯೆನ್ನಾದಿಂದ ಹೋದ ಗೆರ್ಡಾ ಲರ್ನರ್ 1986ರ ಪುಸ್ತಕದಲ್ಲಿ ಇನ್ನೂ ಆಳಕ್ಕೆ ಇಳಿದರು: ಗಂಡಸು ಗುಲಾಮಗಿರಿಯನ್ನು ಮೊದಲು ಕಲಿತಿದ್ದೇ ಸೋತವರ ಹೆಂಗಸರ ಮೇಲೆ.

ಅಶುವನ್ನು ಈ ಕಣ್ಣಿಂದ ನೋಡಿ. ಬಿಡುಗಡೆ ಪತ್ರದಲ್ಲಿ ಘೋಷ್‌ಗೆ ಪ್ರೀತಿಯ ಸುಳಿವು ಕಾಣುತ್ತೆ. ಇರಬಹುದು. ಆದರೆ ಒಡೆಯನಿಗೆ 'ಒಲ್ಲೆ' ಅನ್ನೋ ಹಕ್ಕಿಲ್ಲದವಳ ಪ್ರೀತಿಯನ್ನು ಯಾವ ತಕ್ಕಡಿಯಲ್ಲಿ ತೂಗೋದು? ಇನ್ನೊಂದು ಲೆಕ್ಕಾಚಾರವೂ ಇದೆ. ಯಹೂದಿ ಕಾನೂನಿನಲ್ಲಿ ಮಗುವಿನ ಕುಲ ತಾಯಿಯದ್ದು. ತಾಯಿ ದಾಸಿಯಾದರೆ ಮಗುವೂ ದಾಸ. ತನ್ನ ಮಕ್ಕಳು ಯಹೂದಿಗಳಾಗಬೇಕಾದರೆ ಮೊದಲು ಅಶು ಬಿಡುಗಡೆಯಾಗಬೇಕು.

ತಾಯಿಯಿಂದ ಕುಲ! ಈ ಮಾತು ದಕ್ಷಿಣ ಕನ್ನಡದವರಿಗೆ ಹೊಸದೇ? ಅಳಿಯಸಂತಾನದ ಮನೆಗಳಲ್ಲಿ ಇವತ್ತಿಗೂ ಮಕ್ಕಳಿಗೆ ತಾಯಿಯ ಬಳಿ. 1949ರಲ್ಲಿ ಮದರಾಸು ಸರ್ಕಾರ ಇದಕ್ಕೆ ಕಾಯ್ದೆಯನ್ನೇ ಮಾಡಿತು. ಬೆನ್ ಯಿಜುವಿನ ಲೆಕ್ಕದಲ್ಲಿ ಅಶುವಿನ ಸೋದರನನ್ನು 'ನಾಯರ್' ಎಂದು ಬರೆದಿದೆ. ಹಾಗಾಗಿ ಅವಳು ನಾಯರ್ ಕುಲದವಳು ಅನ್ನೋದು ಗೊಯಿಟೈನ್ ಊಹೆ. ಅದು ನಿಜವಾದರೆ ಮಕ್ಕಳು ಅವಳ ತರವಾಡಿಗೆ ಸೇರಬೇಕಿತ್ತು, ಸೋದರಮಾವನ ಆಸರೆಯಲ್ಲಿ ಬೆಳೆಯಬೇಕಿತ್ತು.

ಎರಡೂ ಕಾನೂನು ತಾಯಿಯ ಹೆಸರು ಹೇಳುತ್ತವೆ. ತೀರ್ಮಾನ ಮಾತ್ರ ಅಪ್ಪನದ್ದು. ತಾಯಿಯಿಂದ ಕುಲ ಅಂದ ಕೂಡಲೇ ತಾಯಿಗೆ ಅಧಿಕಾರ ಅಂತ ಎದೆ ತಟ್ಟಿಕೊಳ್ಳುವವರು ಇದನ್ನೊಮ್ಮೆ ನೋಡಬೇಕು.

1149ರಲ್ಲಿ ಬೆನ್ ಯಿಜು ಮಕ್ಕಳನ್ನು ಕರೆದುಕೊಂಡು ಏಡನ್‌ಗೆ ವಾಪಸಾದ. ಅಲ್ಲಿಂದ ಒಡಹುಟ್ಟಿದವರಿಗೆ ಬರೆದ ಪತ್ರದಲ್ಲಿ ಮಗಳನ್ನು ಅವರ ಮಗನಿಗೇ ಕೊಡುವ ಮಾತಿದೆ. ಅಶುವಿನ ಸುದ್ದಿಯಿಲ್ಲ. ಮುಂದೆ ಮಗ ತೀರಿಕೊಂಡ. 1156ರಲ್ಲಿ ಈಜಿಪ್ಟಿನ ಫುಸ್ತಾತ್‌ನಲ್ಲಿ ಮಗಳು ಸಿತ್ ಅಲ್-ದಾರ್ ಚಿಕ್ಕಪ್ಪನ ಮಗ ಪೆರಹ್ಯಾನನ್ನು ಮದುವೆಯಾದಳು. ಆ ಮದುವೆಯಲ್ಲಿ ಅವಳಿಗೆ ಕೊಟ್ಟ ವಸ್ತುಗಳ ಪಟ್ಟಿ ಉಳಿದಿದೆ. ಅಶುವಿನ ಬಿಡುಗಡೆ ಪತ್ರವೂ ಉಳಿದಿದೆ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ.